ಫೋನಿಗೆ ಇನ್ನೊಂದು ಕಿವಿ ಬೇಕು



ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ ಆರನೆಯ ತರಗತಿಯವರು ‘ಮೊಬೈಲಿನಿಂದ ಮಕ್ಕಳು ಕೆಡುತ್ತಾರೆ’ ಎಂದು ಬರೆದಿದ್ದರು. ಓದಿದವರೆಲ್ಲ ಹೌದು ಹೌದು ಅಂದರು. ಕೆಡುತ್ತಾರೋ ಇಲ್ಲವೋ ಅದು ಬೇರೆ ಮಾತು. ನಾನು ಕೇಳುವುದು ಇಷ್ಟೇ. ಆ ಮೊಬೈಲಿನ ಒಳಗೆ ಏನಿರಬೇಕು, ಏನಿರಬಾರದು ಅಂತ ಯಾರು ಠರಾಯಿಸ್ತಾರ? ರೊಕ್ಕ ಕೊಡೋರು ನಮ್ಮಪ್ಪ, ಬಳಸೋರು ನಾವು. ಆದರೆ ನಮ್ಮನ್ನ ಯಾರೂ ಕೇಳಿಲ್ಲ. ಕೇಳಬೇಕು ಎಂಬುದೇ ನನ್ನ ಅಭಿಪ್ರಾಯ.

ಮೊದಲು ಒಳಗೆ ಏನದ ಅಂತ ನೋಡೋಣ. ದೀಪಾವಳಿ ಸೂಟಿಯಲ್ಲಿ ಕಾಕಾನ ಜೊತೆ ಬೀದರಕ್ಕೆ ಹೋದಾಗ ಒಂದು ರಿಪೇರಿ ಅಂಗಡಿಯ ಅಣ್ಣ ಎರಡು ಫೋನು ಬಿಚ್ಚಿ ನನಗೆ ತೋರಿಸಿದರು. ಮೇಲೆ ಎರಡು ಬೇರೆ ಬೇರೆ ಕಂಪನಿಗಳ ಹೆಸರು. ಒಳಗೆ ಹಸಿರು ಪಟ್ಟಿಯ ಮೇಲೆ ಉಗುರಿನಷ್ಟು ಕರಿ ಚೌಕ. ಅದೇ ಚಿಪ್ಪು. ಎರಡರ ಮೇಲೂ ಬರೆದದ್ದು ಒಂದೇ ಹೆಸರು, ಮೀಡಿಯಾಟೆಕ್! ನನಗೆ ನಮ್ಮ ಭಾಲ್ಕಿಯ ಕಥೆ ನೆನಪಾಯಿತು. ನಿಜಾಮನ ಕಾಲದಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರಲ್ಲ, ಹಾಗೆ ಇಲ್ಲಿಯೂ ಬೋರ್ಡು ಒಂದು, ಒಳಗಿರುವುದು ಮತ್ತೊಂದು. ಅವರು ಮಾಡಿದ್ದು ನಮ್ಮ ಭಾಷೆ ಉಳಿಸಲಿಕ್ಕೆ. ಇವರು ಮಾಡುವುದು ವ್ಯಾಪಾರಕ್ಕೆ.

ಬಿದರಿ ಕೆಲಸ ನೋಡಿದವರಿಗೆ ಫೋನಿನ ವ್ಯಾಪಾರ ಬೇಗ ತಿಳಿಯುತ್ತದೆ. ಒಬ್ಬರು ಎರಕ ಹೊಯ್ಯುತ್ತಾರೆ. ಒಬ್ಬರು ಹೂಬಳ್ಳಿ ಬರೆಯುತ್ತಾರೆ. ಇನ್ನೊಬ್ಬರು ಕೆತ್ತಿ ಬೆಳ್ಳಿ ಕೂಡಿಸುತ್ತಾರೆ. ಕಡೆಗೆ ಕೋಟೆಯ ಮಣ್ಣು ಹಾಕಿ ಕುದಿಸಿದರೇನೇ ಹೂಜಿ ಕಪ್ಪಾಗಿ ಬೆಳ್ಳಿ ಎದ್ದು ಕಾಣುತ್ತದೆ. ಅಮೆರಿಕದ ಕ್ವಾಲ್ಕಾಮ್, ತೈವಾನಿನ ಮೀಡಿಯಾಟೆಕ್ ಕಂಪನಿಗಳು ಚಿಪ್ಪಿನ ನಕ್ಷೆ ಬರೆಯುತ್ತವೆ. ಚಿಪ್ಪನ್ನು ಮಾಡಿಕೊಡುವವರು ಟಿ.ಎಸ್.ಎಂ.ಸಿ.ಯಂಥ ಬೇರೆ ಕಾರ್ಖಾನೆಯವರು. ಅದನ್ನು ಕೊಂಡು ಫೋನು ಕಟ್ಟುವವರು ಮತ್ತೊಬ್ಬರು. ಟವರು ನಡೆಸುವವರು ಇನ್ನೂ ಒಬ್ಬರು. ಒಬ್ಬರಿಗೊಬ್ಬರು ಬೇಕೇ ಬೇಕು. ಅದಕ್ಕೇ ಇವರು ಬೀಗತನ ಮಾಡ್ತಾರ. ಬೀಗತನ ಅಂದ ಮೇಲೆ ಜಗಳ ಇದ್ದದ್ದೇ.

ಜಗಳ ಹೆಂಥಾದ್ದು ಅಂದ್ರ, ಆಪಲ್ ಮತ್ತು ಕ್ವಾಲ್ಕಾಮ್ ಕಂಪನಿಗಳು 2017ರ ಜನವರಿಯಲ್ಲಿ ಕೋರ್ಟಿಗೆ ಹೋದವು. ನಮ್ಮ ಹಕ್ಕಿನ ರೊಕ್ಕ ಕೊಡು ಅಂತ ಇವರು, ನೀ ಬಹಳ ಕೇಳ್ತಿ ಅಂತ ಅವರು. 2019ರ ಏಪ್ರಿಲ್‌ನಲ್ಲಿ ರಾಜಿ ಆಯಿತು. ರಾಜಿ ಆದ ಮೂರೇ ತಿಂಗಳಿಗೆ ಆಪಲ್ ಕಂಪನಿ ಇಂಟೆಲ್ಲಿನವರ ಮೋಡೆಮ್ ವಿಭಾಗವನ್ನು 100 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಟವರಿನ ಜೊತೆ ಮಾತಾಡುವ ಚಿಪ್ಪಿಗೆ ಮೋಡೆಮ್ ಅನ್ನುತ್ತಾರೆ. 2025ರ ಫೆಬ್ರವರಿಯಲ್ಲಿ ತನ್ನದೇ ಮೋಡೆಮ್ ಇರುವ ಫೋನನ್ನೂ ಹೊರಗೆ ತಂದಿತು. ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕೂತು ಹಿತ್ತಿಲಲ್ಲಿ ಬೇರೆ ಒಲೆ ಹೂಡಿದಂತೆ ಇದು. ದೊಡ್ಡವರ ಜಗಳ, ನಮಗೇನು ಅಂತ ನೀವು ಕೇಳಬಹುದು. ಆ ಫೋನು ನಮ್ಮೂರಿಗೆ ಬರುವುದಿಲ್ಲ, ಖರೆ. ಆದರೆ ನಮ್ಮ ಕೀಪ್ಯಾಡ್ ಫೋನೂ ಇಂಥ ಜಗಳದಲ್ಲೇ ಹುಟ್ಟಿ ಸತ್ತಿದೆ.

ನೋಕಿಯಾ ನೋಡ್ರಿ. 2003ರಲ್ಲಿ ಬಂದ ನೋಕಿಯಾ 1100 ಫೋನಿಗೆ ಮೇಲ್ಗಡೆ ಬ್ಯಾಟರಿ ದೀಪ ಇತ್ತು, ಒಳಗೆ ಧೂಳು ಹೋಗದ ಹಾಗೆ ಗುಂಡಿಗಳಿದ್ದವು. ಹಳ್ಳಿಯಲ್ಲಿ ಕರೆಂಟು ಹೋಗುತ್ತದೆ, ಹಾದಿಯಲ್ಲಿ ಧೂಳು ಇರುತ್ತದೆ ಅಂತ ಯಾರೋ ವಿಚಾರ ಮಾಡಿದ್ದರು. ನಮ್ಮ ಮುತ್ಯಾ ಅದನ್ನು ಹಿಡಿದುಕೊಂಡೇ ರಾತ್ರಿ ಹೊಲಕ್ಕೆ ನೀರು ಬಿಡಲು ಹೋಗುತ್ತಿದ್ದರಂತೆ. ಲೋಕದಲ್ಲಿ 25 ಕೋಟಿಗಿಂತ ಹೆಚ್ಚು ಮಾರಾಟವಾಯಿತು. ನೋಕಿಯಾಕ್ಕೆ ಬಹಳ ವರ್ಷ ಚಿಪ್ಪು ಕೊಟ್ಟದ್ದು ಟೆಕ್ಸಾಸ್ ಇನ್ಸ್‌ಟ್ರುಮೆಂಟ್ಸ್. ಈ ಕಂಪನಿ 1985ರಲ್ಲೇ ನಮ್ಮ ಬೆಂಗಳೂರಿಗೆ ಬಂದು ಕಚೇರಿ ತೆರೆದದ್ದು.

ಇವರಿಬ್ಬರ ಗೆಳೆತನವನ್ನು ಸೋಲಿಸಿದವರಲ್ಲಿ ಮೀಡಿಯಾಟೆಕ್ಕೂ ಒಂದು. ಅದು ಬರೀ ಚಿಪ್ಪು ಮಾರಲಿಲ್ಲ. ಜೊತೆಗೆ ಫೋನಿನ ನಕ್ಷೆ, ಸಾಫ್ಟ್‌ವೇರ್ ಎಲ್ಲ ತಯಾರು ಮಾಡಿ ಕೊಟ್ಟಿತು. ಹಿಟ್ಟು ನಾದಿ ಉಂಡಿ ಕಟ್ಟಿ ಕೈಗೆ ಕೊಟ್ಟರೆ ರೊಟ್ಟಿ ಬಡಿಯುವುದು ಯಾರಿಗೆ ಕಷ್ಟ? ಮೈಕ್ರೋಮ್ಯಾಕ್ಸ್, ಕಾರ್ಬನ್, ಲಾವಾದಂಥ ನಮ್ಮ ದೇಶದ ಕಂಪನಿಗಳು ಹಿಂಗೇ ಮೇಲೆ ಬಂದವು. ಎರಡು ಸಿಮ್ಮಿನ ಫೋನು ಕೊಟ್ಟವು. ಔರಾದ ಗಡಿಯ ಮಂದಿಗೆ ಎರಡು ಸಿಮ್ಮು ಅಂದರೆ ಚೈನಿಯಲ್ಲ. ಈ ಕಡೆಯ ಹೊಲದಲ್ಲಿ ಕರ್ನಾಟಕದ ಟವರು, ಆ ಕಡೆಯ ಹೊಲದಲ್ಲಿ ಮಹಾರಾಷ್ಟ್ರದ ಟವರು. ಆಗ ರೋಮಿಂಗ್ ರೊಕ್ಕ ಬೇರೆ ಹತ್ತುತ್ತಿತ್ತು. ನೋಕಿಯಾ ಎರಡು ಸಿಮ್ಮಿಗೆ ತಡ ಮಾಡಿತು. 2010ರಲ್ಲಿ ಇಂಟೆಲ್ ಜೊತೆ, 2011ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಜೊತೆ ಕೈ ಹಿಡಿಯಿತು. 2014ರ ಏಪ್ರಿಲ್‌ನಲ್ಲಿ ಫೋನಿನ ವ್ಯಾಪಾರವನ್ನೇ ಮೈಕ್ರೋಸಾಫ್ಟಿಗೆ ಕೊಟ್ಟುಬಿಟ್ಟಿತು. ಅದೇ ವರ್ಷ ನವೆಂಬರ್‌ನಲ್ಲಿ ಚೆನ್ನೈ ಹತ್ತಿರದ ಶ್ರೀಪೆರಂಬದೂರಿನ ಅದರ ದೊಡ್ಡ ಕಾರ್ಖಾನೆ ನಿಂತುಹೋಯಿತು. ಬ್ಯಾಟರಿ ದೀಪದ ವಿಚಾರ ಮಾಡಿದವರು ಎರಡನೇ ಸಿಮ್ಮಿನ ವಿಚಾರ ಯಾಕೆ ಬೇಗ ಮಾಡಲಿಲ್ಲವೋ!

ಕಂಪನಿಗಳು ಕೂಡಿದರೆ ಬೆಲೆ ಇಳಿಯುತ್ತದೆ, ಅದನ್ನು ನಾನು ಒಪ್ಪುತ್ತೇನೆ. ಆದರೆ ಕೂಡಿದವರು ಬಾಗಿಲಿಗೆ ಕೀಲಿಯನ್ನೂ ಹಾಕುತ್ತಾರೆ. 2003ರಲ್ಲಿ ರಿಲಯನ್ಸ್ ಇನ್ಫೋಕಾಮ್ 501 ರೂಪಾಯಿ ಕಟ್ಟಿದರೆ ಫೋನು ಅಂತ ಯೋಜನೆ ತಂದಿತು. ಅದರೊಳಗೆ ಕ್ವಾಲ್ಕಾಮಿನ ಸಿ.ಡಿ.ಎಂ.ಎ. ಪದ್ಧತಿ. ಸಿಮ್ ತೆಗೆದು ಬೇರೆ ಹಾಕುವ ಹಾಗೇ ಇರಲಿಲ್ಲ. ಅಲ್ಲಿಯತನಕ ಫೋನು ಶ್ರೀಮಂತರ ವಸ್ತು ಆಗಿತ್ತು, ಈ ಯೋಜನೆ ಬಂದ ಮೇಲೆ ಕೂಲಿಯವರ ಕೈಗೂ ಬಂತು. ಅದು ದೊಡ್ಡ ಮಾತೇ. ಆದರೆ ಆ ಪದ್ಧತಿ ಮುಗಿದಾಗ ಪೆಟ್ಟಿಗೆಯೂ ಮುಗಿಯಿತು. ಮುಂದೆ 2017ರಲ್ಲಿ ಜಿಯೋಫೋನ್ ಬಂತು. 1500 ರೂಪಾಯಿ ಠೇವಣಿ, ಮೂರು ವರ್ಷಕ್ಕೆ ವಾಪಸ್ ಅಂದರು. ಕ್ವಾಲ್ಕಾಮ್ ಮತ್ತು ಸ್ಪ್ರೆಡ್‌ಟ್ರಮ್ ಚಿಪ್ಪಿನವರು ಅದಕ್ಕೆ ಚಿಪ್ಪು ಕೊಟ್ಟರು. ಕೀಪ್ಯಾಡ್ ಫೋನಿನಲ್ಲೇ 4ಜಿ! ಆದರೆ ಅದಕ್ಕೆ ಜಿಯೋ ಸಿಮ್ ಬಿಟ್ಟು ಬೇರೆ ನಡೆಯುತ್ತಿರಲಿಲ್ಲ. 2020ರ ಜುಲೈಯಲ್ಲಿ ಗೂಗಲ್ 33,737 ಕೋಟಿ ರೂಪಾಯಿ, ಕ್ವಾಲ್ಕಾಮ್ 730 ಕೋಟಿ ರೂಪಾಯಿ ಜಿಯೋದಲ್ಲಿ ಹೂಡುವುದಾಗಿ ಹೇಳಿದವು. ಚಿಪ್ಪು, ಸಾಫ್ಟ್‌ವೇರ್, ಟವರು ಮೂರೂ ಒಂದೇ ಮನೆಯ ಪಾಲುದಾರರು. ಮನೆ ದೊಡ್ಡದಾದಷ್ಟು ಹೊರಗಿನವರಿಗೆ ಕಿಟಕಿ ಕಡಿಮೆ ಅಂತ ನನಗೆ ಅನ್ನಿಸುತ್ತದೆ.

ಚಿಪ್ಪು ಯಾರದು ಅನ್ನೋದರ ಮೇಲೆ ಅಂಗಡಿಯಲ್ಲಿ ಫೋನು ಸಿಗೋದೂ ನಿಂತದ ಅಂದ್ರ ನಂಬ್ತೀರೇನು? 2014ರ ಡಿಸೆಂಬರ್‌ನಲ್ಲಿ ಎರಿಕ್ಸನ್ ಕಂಪನಿ ಹಕ್ಕಿನ ತಕರಾರು ಹಾಕಿ ದಿಲ್ಲಿ ಹೈಕೋರ್ಟಿನಲ್ಲಿ ಶಿಯೋಮಿ ಫೋನುಗಳ ಮಾರಾಟಕ್ಕೆ ತಡೆ ತಂದಿತು. ಕೆಲವು ದಿನದಲ್ಲೇ ಕೋರ್ಟು ಕ್ವಾಲ್ಕಾಮ್ ಚಿಪ್ಪಿನ ಫೋನುಗಳನ್ನು ಸದ್ಯಕ್ಕೆ ಮಾರಬಹುದು ಅಂದಿತು. ಕ್ವಾಲ್ಕಾಮಿಗೆ ಎರಿಕ್ಸನ್ ಜೊತೆ ಒಪ್ಪಂದ ಇತ್ತು, ಅದಕ್ಕೆ. ಕಂಪನಿ ಅದೇ, ಚಿಪ್ಪು ಬೇರೆ, ಅಷ್ಟಕ್ಕೇ ಒಂದು ಫೋನು ಒಳಗೆ, ಒಂದು ಹೊರಗೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ.

ನಮ್ಮೂರಲ್ಲಿ ಹಿಂದೆ ಡಂಗುರ ಸಾರುತ್ತಿದ್ದರು. ಒಬ್ಬ ಮನುಷ್ಯ ಹಲಗೆ ಬಾರಿಸಿ ಕೂಗಿದರೆ ಹತ್ತು ಮಂದಿ ಕೇಳಿದರೂ ಅಷ್ಟೇ, ಸಾವಿರ ಮಂದಿ ಕೇಳಿದರೂ ಅಷ್ಟೇ. ಕೇಳಿದವರಿಗೆ ರೊಕ್ಕ ಇಲ್ಲ. ರೇಡಿಯೋ, ಟಿ.ವಿ. ಡಂಗುರದ ಹಾಗೆ. ಇಂಟರ್‌ನೆಟ್ ಹಾಗಲ್ಲ, ಅದು ಟಪಾಲಿನವರ ಹಾಗೆ. ಒಂದೇ ಪಾಠವನ್ನು ನಲವತ್ತು ಮಕ್ಕಳು ನೋಡಿದರೆ ನಲವತ್ತು ಮನೆಗೆ ನಲವತ್ತು ಸಲ ಹೋಗಿ ಮುಟ್ಟಿಸಬೇಕು. ಪ್ರತಿ ಸಲಕ್ಕೂ ಡೇಟಾ ಖರ್ಚು. ಅದಕ್ಕೇ ಸಂಜೆ ಹೊತ್ತು ಎಲ್ಲರೂ ಫೋನು ಹಿಡಿದಾಗ ನಮ್ಮ ಓಣಿಯಲ್ಲಿ ಚಿತ್ರ ನಿಂತು ಗಿರಗಿರ ತಿರುಗುತ್ತದೆ.

ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಎಂಬ ಕಂಪನಿ 2007ರಲ್ಲಿ ಶುರುವಾಯಿತು. ಅಮೆರಿಕದ ಸಿಂಕ್ಲೇರ್ ಎಂಬ ಟಿ.ವಿ. ಕಂಪನಿಯ ಜೊತೆ ಕೂಡಿ ಅದು 2018ರಲ್ಲಿ ಒಂದು ಚಿಪ್ಪು ಹೊರತಂದಿತು. ಆ ಚಿಪ್ಪು ಫೋನಿನಲ್ಲಿ ಇದ್ದರೆ ಟಿ.ವಿ. ಗೋಪುರದಿಂದ ಬರುವ ಡಂಗುರವನ್ನು ಫೋನು ನೇರವಾಗಿ ಕೇಳುತ್ತದೆ. ಸಿಮ್ಮು ಬೇಡ, ಡೇಟಾ ಬೇಡ. ಫೋನಿಗೆ ಇನ್ನೊಂದು ಕಿವಿ ಇಟ್ಟಂತೆ. ಇದಕ್ಕೆ ಡೈರೆಕ್ಟ್ ಟು ಮೊಬೈಲ್ ಅಥವಾ ಡಿ.ಟು.ಎಂ. ಅನ್ನುತ್ತಾರೆ. ಪ್ರಸಾರ ಭಾರತಿ, ಕಾನಪುರದ ಐ.ಐ.ಟಿ. ಇವರೆಲ್ಲ ಪ್ರಯೋಗದಲ್ಲಿ ಕೂಡಿದರು. 2022ರಲ್ಲಿ ಬೆಂಗಳೂರಿನದೇ ಆದ ತೇಜಸ್ ನೆಟ್‌ವರ್ಕ್ಸ್ ಸಾಂಖ್ಯವನ್ನು ಕೊಂಡಿತು. ತೇಜಸ್ ಅಂದರೆ ಟಾಟಾದವರ ಮನೆ. 2025ರ ಸೆಪ್ಟೆಂಬರ್ 27ರಂದು ಶುರುವಾದ ಬಿ.ಎಸ್.ಎನ್.ಎಲ್.ನ ಸ್ವದೇಶಿ 4ಜಿಯಲ್ಲಿ ಟವರಿನ ಯಂತ್ರ ಕೊಟ್ಟವರೂ ಇವರೇ.

ಇಷ್ಟು ಒಳ್ಳೆಯದು ಇದ್ದರೆ ಎಲ್ಲ ಫೋನಿಗೂ ಹಾಕಬಹುದಲ್ಲ? ಇಲ್ಲೇ ಗಂಟು ಬಿದ್ದದ್ದು. ಫೋನಿನ ಚಿಪ್ಪು ಮಾಡುವ ದೊಡ್ಡವರು ತಮ್ಮ ಚಿಪ್ಪಿನಲ್ಲಿ ಈ ಕಿವಿ ಇಡಬೇಕು, ಇಲ್ಲವೇ ಫೋನು ಮಾಡುವವರು ಸಾಂಖ್ಯದ ಚಿಪ್ಪನ್ನು ಬೇರೆಯಾಗಿ ಕೊಂಡು ಕೂಡಿಸಬೇಕು. 2023ರ ಕೊನೆಯಲ್ಲಿ ಸ್ಯಾಮ್‌ಸಂಗ್, ಕ್ವಾಲ್ಕಾಮ್, ಎರಿಕ್ಸನ್, ನೋಕಿಯಾ ಇವರೆಲ್ಲ ಸರಕಾರಕ್ಕೆ ಬೇಡ ಅಂತ ಕಾಗದ ಬರೆದದ್ದು ಪೇಪರಿನಲ್ಲಿ ಬಂತು. ಒಂದು ಫೋನಿಗೆ 30 ಡಾಲರ್ ಖರ್ಚು ಹೆಚ್ಚಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ಟವರಿನ ಸಿಗ್ನಲ್ಲೂ ಕೆಡುತ್ತದೆ ಅಂತ ಅವರ ವಾದ. ಬಜಾರದಲ್ಲಿ ಒಬ್ಬರ ಅಂಗಡಿಗೆ ಗಿರಾಕಿ ಹೋಗದ ಹಾಗೆ ನೋಡಿಕೊಳ್ಳುವ ಇವರು, ಹೊಸಬ ಬಂದಾಗ ಮಾತ್ರ ಒಂದೇ ಕಟ್ಟೆಯ ಮೇಲೆ ಕೂತರು ನೋಡ್ರಿ!

ಅವರ ಮಾತು ಪೂರಾ ಸುಳ್ಳು ಅಂತ ನಾನು ಅನ್ನುವುದಿಲ್ಲ. ಗಣಿತ ಮಾಡಿ ನೋಡಿದೆ. ಆಗಿನ ಲೆಕ್ಕಕ್ಕೆ ಡಾಲರಿಗೆ 83 ರೂಪಾಯಿ ಹಿಡಿದರೆ 30 ಡಾಲರ್ ಅಂದರೆ 2,490 ರೂಪಾಯಿ. 1500 ರೂಪಾಯಿಯ ಫೋನು 3,990 ಆಗುತ್ತದೆ. ಅಷ್ಟು ಕೊಟ್ಟು ನಮ್ಮವ್ವ ಎಂದೂ ಕೊಳ್ಳುವುದಿಲ್ಲ. ಬ್ಯಾಟರಿಯ ಮಾತೂ ವಿಚಾರ ಮಾಡತಕ್ಕದ್ದೇ. ಆದರೆ ಆ 30 ಡಾಲರಿನ ಲೆಕ್ಕ ಹೇಳಿದವರು ಯಾರು? ಬೇಡ ಅಂದವರೇ. ಬೇಡಾದ ಎತ್ತಿನ ಹಲ್ಲು ಎಣಿಸುವಾಗ ಎಲ್ಲರೂ ಎರಡು ಹೆಚ್ಚೇ ಎಣಿಸುತ್ತಾರೆ. ಹತ್ತು ಲಕ್ಷ ಫೋನಿಗೆ ಹಾಕಿದರೆ ಚಿಪ್ಪಿನ ಬೆಲೆ ಎಷ್ಟು ಇಳಿಯುತ್ತದೆ ಅನ್ನುವುದೂ ಲೆಕ್ಕಕ್ಕೆ ಬರಬೇಕು. ಮೀಡಿಯಾಟೆಕ್ ಕಥೆಯಲ್ಲಿ ನಡೆದದ್ದು ಅದೇ ಅಲ್ಲವೇ?

ಟವರು ನಡೆಸುವವರಿಗೂ ಇದು ಹಿಡಿಸುವುದಿಲ್ಲ. ಯಾಕಂದ್ರ ನಾವು ಡೇಟಾ ಇಲ್ಲದೆ ವಿಡಿಯೋ ನೋಡಿದರೆ ಅವರ ರಿಚಾರ್ಜು ಕಡಿಮೆ. ವಿಡಿಯೋದ 25ರಿಂದ 30 ಭಾಗ ಈ ಕಡೆ ಬಂದರೆ 5ಜಿ ಮೇಲಿನ ಭಾರ ಇಳಿಯುತ್ತದೆ ಅಂತ 2024ರ ಜನವರಿಯಲ್ಲಿ ಕೇಂದ್ರ ಸರಕಾರದ ಪ್ರಸಾರ ಇಲಾಖೆಯ ಕಾರ್ಯದರ್ಶಿ ಹೇಳಿದ್ದರು. ಭಾರ ಇಳಿಯುವುದು ಅವರಿಗೂ ಲಾಭವೇ ಅಂತ ನನ್ನ ವಾದ.

ನಮ್ಮ ಸಮಾಜ ವಿಜ್ಞಾನದ ಗುರುಗಳಿಗೆ ಇದನ್ನು ಹೇಳಿದಾಗ ಅವರು ನಕ್ಕು, “ಈಗಾಗಲೇ ರೀಲ್ಸ್ ನೋಡಿ ಕಣ್ಣು ಕೆಂಪಾಗ್ಯಾವ. ಇನ್ನ ಪುಕ್ಕಟ ಟಿ.ವಿ. ಬೇರೆ ಬೇಕೇನವ್ವಾ?” ಅಂದರು. ಗುರುಗಳ ಮಾತಿಗೆ ಎದುರು ಹೇಳುವುದು ಸರಿಯಲ್ಲ, ಆದರೂ ಗೋಡೆ ಪತ್ರಿಕೆ ಇರುವುದು ಅದಕ್ಕೇ ಅಂತ ಅವರೇ ಕಲಿಸಿದ್ದಾರೆ. 2020ರಲ್ಲಿ ಕೊರೊನಾ ಬಂದು ಸಾಲಿ ಮುಚ್ಚಿದಾಗ ನಮ್ಮ ಅಕ್ಕ ಎಂಟನೆಯಲ್ಲಿದ್ದಳು. ಚಂದನ ಟಿ.ವಿ.ಯಲ್ಲಿ ‘ಸಂವೇದ’ ಪಾಠ ಬರುತ್ತಿತ್ತು. ನಮ್ಮ ಮನೆಯಲ್ಲಿ ಟಿ.ವಿ. ಇರಲಿಲ್ಲ, ಫೋನು ಇತ್ತು. ಫೋನು ಅಪ್ಪನ ಜೊತೆ ಹೊಲಕ್ಕೆ ಹೋಗುತ್ತಿತ್ತು, ಬಂದಾಗ ಡೇಟಾ ಮುಗಿದಿರುತ್ತಿತ್ತು. ಅಕ್ಕ ಬಾಜೂ ಮನೆಯ ಕಿಟಕಿಯ ಹೊರಗೆ ನಿಂತು ಬೀಜಗಣಿತ ಬರೆದುಕೊಂಡಳು. ಮಳೆ ಬಂದ ದಿನ ಅವರು ಕಿಟಕಿ ಮುಚ್ಚುತ್ತಿದ್ದರು, ಅದು ಅವರ ತಪ್ಪಲ್ಲ. ರೀಲ್ಸ್ ನೋಡುವವರು ಡೇಟಾ ಹಾಕಿಯಾದರೂ ನೋಡುತ್ತಾರೆ. ಪಾಠ ನೋಡುವವರ ಹತ್ತಿರವೇ ಡೇಟಾ ಇರುವುದಿಲ್ಲ.

ಇನ್ನೊಂದು ಸಿಟ್ಟಿನ ಮಾತು. ಬಹಳ ಫೋನುಗಳ ಚಿಪ್ಪಿನಲ್ಲಿ ಎಫ್.ಎಂ. ರೇಡಿಯೋ ಮೊದಲೇ ಇರುತ್ತದೆ. ಆದರೆ ಫೋನು ಮಾಡುವವರು ಅದನ್ನು ಮುಚ್ಚಿಬಿಡುತ್ತಾರೆ. ಮುಚ್ಚಬೇಡಿ ಅಂತ 2023ರಲ್ಲಿ ಕೇಂದ್ರ ಸರಕಾರ ಸೂಚನೆ ಕೊಡಬೇಕಾಯಿತು. ನೆರೆ, ಬಿರುಗಾಳಿ ಬಂದು ಟವರು ಬಿದ್ದಾಗ ರೇಡಿಯೋ ಒಂದೇ ಗತಿ. ಕಿವಿ ಇದ್ದೂ ಕಿವುಡ ಮಾಡಿದ ಮೇಲೆ ಹೊಸ ಕಿವಿ ತಾವಾಗೇ ಇಡುತ್ತಾರೆ ಅಂತ ಕಾದು ಕೂಡುವುದು ಹೆಂಗ?

ಹಳ್ಳಿಯನ್ನು ಮೊದಲು ಇಟ್ಟುಕೊಂಡು ಯಂತ್ರ ಮಾಡಿದ್ದು ನಮ್ಮ ರಾಜ್ಯದಲ್ಲೇ ನಡೆದಿದೆ. 1984ರಲ್ಲಿ ಸಿ-ಡಾಟ್ ಎಂಬ ಸರಕಾರಿ ಸಂಸ್ಥೆ ಹುಟ್ಟಿತು. ಆಗಿನ ವಿದೇಶಿ ಟೆಲಿಫೋನ್ ಎಕ್ಸ್‌ಚೇಂಜುಗಳಿಗೆ ತಂಪು ಕೋಣೆ ಬೇಕಿತ್ತು. ಹಳ್ಳಿಯಲ್ಲಿ ತಂಪು ಕೋಣೆ ಎಲ್ಲಿಂದ ತರುವುದು? ಸಿ-ಡಾಟ್‌ನವರು ಬಿಸಿಲು ಧೂಳು ತಡೆಯುವ 128 ಲೈನಿನ ಸಣ್ಣ ಎಕ್ಸ್‌ಚೇಂಜ್ ಮಾಡಿ, 1986ರಲ್ಲಿ ಮೊದಲನೆಯದನ್ನು ಕಿತ್ತೂರಿನಲ್ಲಿ ಇಟ್ಟರು. ರಾಣಿ ಚೆನ್ನಮ್ಮನ ಕಿತ್ತೂರೇ! ನಕ್ಷೆಯನ್ನು ತಾವೇ ಬಚ್ಚಿಟ್ಟುಕೊಳ್ಳದೆ ಬೇರೆ ಬೇರೆ ಕಾರ್ಖಾನೆಗಳಿಗೆ ಕೊಟ್ಟರು. ಅದೂ ಕಂಪನಿಗಳ ಗೆಳೆತನವೇ. ಪ್ರಯೋಗಕ್ಕೆ ಅವರು ದಿಲ್ಲಿಯನ್ನು ಹಿಡಿಯಲಿಲ್ಲ, ಎಲ್ಲಿ ಬೇಕಾಗಿತ್ತೋ ಅಲ್ಲಿಗೆ ಹೋದರು.

ಡಿ.ಟು.ಎಂ. ಪ್ರಯೋಗವನ್ನು ಹಾಗೆ ಮಾಡುತ್ತಿಲ್ಲ ಎಂಬುದೇ ನನ್ನ ತಕರಾರು. ಮೊದಲ ಪ್ರಯೋಗ ಬೆಂಗಳೂರು, ದಿಲ್ಲಿ, ನೋಯ್ಡಾದಲ್ಲಿ ಆಯಿತು. 2024ರಲ್ಲಿ ಹೇಳಿದ್ದು 19 ನಗರಗಳ ಮಾತು. ನಗರದಲ್ಲಿ ನೆಟ್ಟು ಇದ್ದೇ ಇದೆ, ಅಲ್ಲಿಯವರಿಗೆ ಈ ಕಿವಿ ಬೇಕೋ ಬೇಡವೋ ಅಂತ ಕೇಳಿದರೆ ಬೇಡ ಅಂದೇ ಅಂತಾರ. ಆಮೇಲೆ ಕಂಪನಿಯವರು ‘ನೋಡಿ, ಯಾರಿಗೂ ಬೇಕಾಗಿಲ್ಲ’ ಅಂತಾರ. 2025ರ ಮೇ ತಿಂಗಳಲ್ಲಿ ಲಾವಾ ಮತ್ತು ಎಚ್.ಎಂ.ಡಿ. ಕಂಪನಿಗಳು ಸಾಂಖ್ಯ ಚಿಪ್ಪಿನ ಫೋನು ತರುತ್ತೇವೆ ಅಂತ ಹೇಳಿದವು. ಎಚ್.ಎಂ.ಡಿ. ಅಂದರೆ 2016ರ ನಂತರ ನೋಕಿಯಾ ಹೆಸರಿನಲ್ಲಿ ಫೋನು ಮಾರಿದವರು. ಹಳೆಯ ಬ್ಯಾಟರಿ ದೀಪದ ಮನೆತನ ಅನ್ನಿ. ಸಣ್ಣ ಚಿಪ್ಪಿನವರೂ ಸಣ್ಣ ಫೋನಿನವರೂ ಕೂಡಿದ್ದಾರೆ. ಇಂಥ ಫೋನಿನ ಮೊದಲ ನೂರು ಔರಾದ ತಾಲೂಕಿನ ಸಾಲಿಗಳಿಗೆ ಬರಲಿ. ಒಂದು ವರ್ಷ ಚಂದನದ ಪಾಠ, ಹವಾಮಾನ, ತೊಗರಿ ಸೋಯಾ ಧಾರಣೆ ಇಷ್ಟನ್ನೇ ಕಳಿಸಲಿ. ಬ್ಯಾಟರಿ ಎಷ್ಟು ತಾಸು ಬಂತು, ಎಷ್ಟು ಮಕ್ಕಳು ನೋಡಿದರು ಅಂತ ನಾವೇ ಬರೆದು ಕೊಡುತ್ತೇವೆ. ಎಲ್ಲ ಫೋನಿಗೂ ಕಡ್ಡಾಯ ಮಾಡಿ ಅಂತ ನಾನು ಹೇಳುವುದಿಲ್ಲ, ಬೇಡಾದವರ ಮೇಲೆ ಖರ್ಚು ಹೇರಬಾರದು. ಆದರೆ ಯಾವ ಕಂಪನಿಯ ಸಿಮ್ಮು ಹಾಕಿದರೂ ಆ ಫೋನು ನಡೆಯಬೇಕು, ಈ ಷರತ್ತು ಮಾತ್ರ ಬೇಕು.

ಇದನ್ನೆಲ್ಲ ಸೇರಿಸಿ ಪ್ರಸಾರ ಭಾರತಿಗೆ ಒಂದು ಕಾಗದ ಬರೆದು ಮುಖ್ಯ ಗುರುಗಳಿಗೆ ತೋರಿಸಿದ್ದೇವೆ. ಎರಡು ಕಡೆ ಒತ್ತಕ್ಷರ ತಿದ್ದಿ ಕೊಟ್ಟಿದ್ದಾರೆ. ಶನಿವಾರ ಪ್ರಾರ್ಥನೆ ಆದ ಮೇಲೆ ಗ್ರಂಥಾಲಯದ ಕಪಾಟಿನ ಹತ್ತಿರ ಇಟ್ಟಿರುತ್ತೇವೆ. ಒಪ್ಪಿಗೆ ಇದ್ದವರು ಸಹಿ ಮಾಡಿರಿ. ಇಲ್ಲದವರು, ಮುಖ್ಯವಾಗಿ ಆರನೆಯ ತರಗತಿಯವರು, ಮುಂದಿನ ಸಂಚಿಕೆಗೆ ಉತ್ತರ ಬರೆಯಿರಿ.

– ಏಳನೆಯ ತರಗತಿಯ ವಿದ್ಯಾರ್ಥಿನಿ